ಮೂರನೆಯ ಹಾಸಿಗೆ

ಸಮುದ್ರ ನೋಡಬೇಕು ಎಂದು ಅವ್ವ ಒಂದು ದಿನವೂ ಕೇಳಿದವಳಲ್ಲ. ಅವಳನ್ನು ಅಂಡಮಾನಿಗೆ ಕರೆದೊಯ್ದದ್ದು ನನ್ನ ಸಿಟ್ಟು.

ನಾನು ಸಂಡೂರಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಮನೆ ಹೊಸಪೇಟೆಯಲ್ಲಿ. ದಿನಾ ಅದಿರಿನ ಲಾರಿಗಳ ಹಿಂದೆ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಸಂಜೆ ಸೀರೆ ಕೊಡವಿದರೆ ಕೆಂಪು ದೂಳು ಉದುರುತ್ತದೆ. ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವಳು ನಾನೇ ಮೊದಲು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಪುಕ್ಕಟೆ ಸಿಕ್ಕಿದ್ದರೆ ಸಂಕೋಚಪಡುತ್ತಿದ್ದೆ.

ನಮ್ಮ ಸ್ಟಾಫ್ ರೂಮಿನಲ್ಲಿ ಒಬ್ಬರು ಅಂಡಮಾನಿಗೆ ಹೋಗಿಬಂದು ಒಂದು ತಿಂಗಳು ಫೋಟೊ ತೋರಿಸಿದರು. ನಾನೂ ಬೇಸಿಗೆ ರಜೆಯಲ್ಲಿ ಅವ್ವನನ್ನು ಕರೆದುಕೊಂಡು ಹೋಗಬೇಕು ಅಂತಿದ್ದೀನಿ ಎಂದೆ.

"ಅಷ್ಟು ದೂರ ಯಾಕ್ರಿ ಟೀಚರ್? ಟಿ.ಬಿ. ಡ್ಯಾಮಿಗೆ ಕರ್ಕೊಂಡು ಹೋಗ್ರಿ. ನಿಮ್ಮ ಅವ್ವಗ ಅದೂ ಸಮುದ್ರನ," ಎಂದರು ಅವರು.

ಎಲ್ಲರೂ ನಕ್ಕರು. ನಾನೂ ನಕ್ಕೆ. ಆ ಮಾತಿಗಿಂತ ನಾನು ನಕ್ಕದ್ದು ನನಗೆ ಹೆಚ್ಚು ಚುಚ್ಚಿತು. ಅದೇ ಸಂಜೆ ಬಸ್ಸಿಳಿದವಳು ಮನೆಗೆ ಹೋಗದೆ ಟ್ರಾವೆಲ್ಸ್ ಅಂಗಡಿ ಹೊಕ್ಕೆ.

ಅಂಗಡಿಯವನ ಕಸುಬು ಹೆಚ್ಚಾಗಿ ಹಂಪಿ ನೋಡಲು ಬಂದವರಿಗೆ ಕಾರು ಕೊಡುವುದು, ಕಡ್ಡಿರಾಂಪುರದ ಹೋಮ್‌ಸ್ಟೇಗಳಿಗೆ ಜನರನ್ನು ಕಳಿಸುವುದು. ಅಂಡಮಾನ್ ಎಂದ ಕೂಡಲೇ ಕುರ್ಚಿ ಎಳೆದು ಕೂರಿಸಿದ. ಕಂಪ್ಯೂಟರ್ ತಿರುಗಿಸಿ ಎರಡು ರೆಸಾರ್ಟ್ ತೋರಿಸಿದ.

ಮೊದಲನೆಯದು ಹಡಗು ನಿಲ್ಲುವ ಜೆಟ್ಟಿಯ ಪಕ್ಕದಲ್ಲೇ ಇತ್ತು. ಮೂರಂತಸ್ತಿನ ಕಟ್ಟಡ, ಲಿಫ್ಟು, ಎದುರಿಗೇ ಆಸ್ಪತ್ರೆ, ಒಂದು ಕೋಣೆಯಲ್ಲಿ ಮೂವರು. ಸಮುದ್ರ ಮಾತ್ರ ತಾರಸಿ ಹತ್ತಿದರೆ ಕಾಣುತ್ತದೆ. ಕಿಟಕಿ ತೆಗೆದರೆ ಕಾರು ನಿಲ್ಲಿಸುವ ಜಾಗ. ಎರಡನೆಯದು ಜೆಟ್ಟಿಯಿಂದ ಅರ್ಧ ತಾಸು ಜೀಪಿನ ದಾರಿ. ಹತ್ತಿರ ಅಂಗಡಿಯಿಲ್ಲ, ಡಾಕ್ಟರಿಲ್ಲ. ಆದರೆ ಮರಳಿನ ಮೇಲೇ ಕಾಟೇಜು, ಜಗಲಿಯಲ್ಲಿ ಬೆತ್ತದ ಕುರ್ಚಿ, ಮೊಣಕೈ ಹೂತುಹೋಗುವಂಥ ಹಾಸಿಗೆ. ಕುಂತಲ್ಲಿಂದ ನೀರು ಕಾಣುತ್ತದೆ. ಒಂದು ಕಾಟೇಜಿಗೆ ಇಬ್ಬರೇ.

"ಮೇಡಂ, ನನ್ನ ಕೇಳಿದ್ರ ಮೊದಲನೇದು ತಗೋರಿ. ನಿಮ್ಮಂಥೋರಿಗೆ ಅದ ಅನುಕೂಲ. ಅಮ್ಮಾರಿಗೆ ಇದು ಅದು ಏನು ಫರಕ್ ಗೊತ್ತಾಗ್ತೈತಿ?"

ನಿಜ ಹೇಳಬೇಕೆಂದರೆ ಅವನು ಹೇಳಿದ್ದರಲ್ಲಿ ಅರ್ಧ ಸರಿ ಇತ್ತು. ಅವ್ವನ ಮೊಣಕಾಲುಗಳು ಸವೆದಿವೆ. ಬಿ.ಪಿ. ಮಾತ್ರೆ ತಪ್ಪುವಂತಿಲ್ಲ. ಬುದ್ಧಿಯಿಂದ ಯೋಚಿಸಿದ್ದರೆ ಲಿಫ್ಟು, ಆಸ್ಪತ್ರೆ ನೋಡಿ ಸುಮ್ಮನೆ ಮೊದಲನೆಯದಕ್ಕೆ ಹೂಂ ಅನ್ನುತ್ತಿದ್ದೆ. ಆದರೆ ಅನುಕೂಲ ಎಂಬ ಆ ಪದ ಇದೆಯಲ್ಲ, ಅದನ್ನು ನಾನು ಚಿಕ್ಕಂದಿನಿಂದ ಕೇಳುತ್ತ ಬಂದವಳು. ಶಾಲೆಯಲ್ಲಿ ಬಾಗಿಲ ಬಳಿ ಕೂರಿಸಿದಾಗ ಮೇಷ್ಟ್ರು ಅಂದದ್ದು ಅದೇ: ಅಲ್ಲೇ ಕುಂದ್ರು, ನಿನಗೆ ಅನುಕೂಲ. ನಮ್ಮೂರು ಎಮ್ಮಿಗನೂರಿನಲ್ಲಿ ನಾಟಿ ಮುಗಿದ ದಿನ ಗೌಡರ ಹಿತ್ತಲಲ್ಲಿ ಎಲೆ ಹಾಕಿದಾಗ ಅವರ ಮನೆಯವರು ಅಂದದ್ದೂ ಅದೇ: ಇಲ್ಲೇ ಕುಂತ್ರ ಕೈ ತೊಳಕೊಳ್ಳಾಕ ಅನುಕೂಲ. ಹಾಸ್ಟೆಲಿನಲ್ಲಿ ಪಾಯಖಾನೆ ಪಕ್ಕದ ಕೋಣೆ ಕೊಟ್ಟಾಗಲೂ ಅದೇ ಮಾತು. ಯಾರ ಅನುಕೂಲ? ನಮಗೆ ಏನು ಅನುಕೂಲ ಎಂದು ಯಾವಾಗಲೂ ಬೇರೆ ಯಾರೋ ಹೇಳುತ್ತಿದ್ದರು. ಸುಖ ಬೇಕಾ ಎಂದು ಒಬ್ಬರೂ ಕೇಳಿರಲಿಲ್ಲ.

"ಎರಡನೇದು ಮಾಡ್ರಿ," ಎಂದೆ.

ಮನೆಗೆ ಬಂದು ಹೇಳಿದರೆ ಅವ್ವ ಅಕ್ಕಿ ಆರಿಸುತ್ತಿದ್ದ ಮೊರದಿಂದ ತಲೆ ಎತ್ತಲಿಲ್ಲ.

"ನಿನ್ನ ಚಿಗವ್ವ ಬರ್ತಾಳೇನು?"

ಚಿಗವ್ವ, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತೇನಾದರೂ ಅವಳು ಅವ್ವನ ತಂಗಿಯಲ್ಲ. ರಕ್ತಸಂಬಂಧವೇ ಇಲ್ಲ. ಎಮ್ಮಿಗನೂರಿನ ಗದ್ದೆಗಳಲ್ಲಿ ಅವ್ವನ ಜೊತೆ ಮೂವತ್ತು ವರ್ಷ ಪಕ್ಕದ ಸಾಲಿನಲ್ಲಿ ಬಗ್ಗಿ ನಾಟಿ ಹಚ್ಚಿದವಳು. ಕಂಪ್ಲಿಯಲ್ಲಿ ಒಬ್ಬಳೇ ಇದ್ದಾಳೆ.

"ಅಲ್ಲಿ ಇಬ್ರಿಗೇ ಜಾಗ ಅವ್ವ."

"ಹಂಗಾರ ನೀನೂ ಆಕಿನೂ ಹೋಗ್ರಿ. ನಾ ಮನಿ ಕಾಯ್ತೀನಿ."

"ತಮಾಷಿ ಮಾಡಬ್ಯಾಡ."

"ನಿನ್ನ ಕಾಲೇಜಿಗೆ ಹೆಸರು ಹಚ್ಚಾಕ ನಾ ಹೊಸಪ್ಯಾಟಿಗೆ ಮೂರು ದಿನ ಅಲೆದಾಗ ನನ್ನ ಸಾಲು ಯಾರು ಹಿಡಿದ್ರು? ಆಕಿ ಎರಡೂ ಸಾಲು ಹಚ್ಚಿದ್ಲು. ಒಬ್ಬಾಕಿ, ಎರಡು ಸಾಲು! ಹಿಡೀಲಿಲ್ಲ ಅಂದಿದ್ರ ಗುಂಪಿನಾಗ ನನ್ನ ಜಾಗ ಹೋಗ್ತಿತ್ತು. ಆಕಿನ ಬಿಟ್ಟು ನಾ ಸಮುದ್ರ ನೋಡ್ಲೇನು?"

ಮರುದಿನ ಮತ್ತೆ ಅಂಗಡಿಗೆ ಹೋದೆ. ಅದೇ ರೆಸಾರ್ಟಿನಲ್ಲಿ ಇನ್ನೊಂದು ಕಾಟೇಜು ಕೇಳಿದರೆ ಎಲ್ಲವೂ ತುಂಬಿವೆ ಎಂದ. ಚಿಗವ್ವನ ಆಧಾರ್ ಕಾರ್ಡು ಹಿಡಿದು ಹಿಂದೆ ಮುಂದೆ ತಿರುಗಿಸಿದ.

"ಇವರು ನಿಮಗ ಏನಾಗ್ಬೇಕ್ರಿ?"

"ಚಿಗವ್ವ."

"ಸ್ವಂತ?"

"ಸ್ವಂತಕ್ಕಿಂತ ಹೆಚ್ಚು."

"ಆಯ್ತು ಬಿಡ್ರಿ, ನಾ ಅಡ್ಜಸ್ಟ್ ಮಾಡ್ತೀನಿ. ನೀವು ತಲಿ ಕೆಡಿಸ್ಕೋಬ್ಯಾಡ್ರಿ."

ಅವನು ಕೊಟ್ಟ ಕಾಗದಗಳನ್ನು ನಾನು ಓದಲಿಲ್ಲ. ಪ್ರಶ್ನೆಪತ್ರಿಕೆಯನ್ನು ಎರಡು ಸಲ ಓದಿ ಎಂದು ಮಕ್ಕಳಿಗೆ ಗಂಟಲು ಹರಿಯುವಂತೆ ಕೂಗುವವಳು, ಗೆದ್ದೆನೆಂಬ ಖುಷಿಯಲ್ಲಿ ಕಾಗದ ಮಡಚಿ ಚೀಲಕ್ಕೆ ಹಾಕಿಕೊಂಡೆ.

ರೈಲು, ವಿಮಾನ, ಹಡಗು, ಜೀಪು. ಇಬ್ಬರೂ ಮುದುಕಿಯರು ದಣಿಯಲಿಲ್ಲ. ವಿಮಾನದಲ್ಲಿ ಚಿಗವ್ವ ರೊಟ್ಟಿಯ ಗಂಟು ಬಿಚ್ಚಿ ಪಕ್ಕದ ಸೂಟಿನವನಿಗೂ ಶೇಂಗಾ ಚಟ್ನಿ ಹಚ್ಚಿ ಕೊಟ್ಟಳು. ಅವನು ತಿಂದು ಇನ್ನೊಂದು ಕೇಳಿದ. ರೆಸಾರ್ಟ್ ತಲುಪಿದಾಗ ಮಧ್ಯಾಹ್ನ. ಆಫೀಸಿಗೆ ಸಮುದ್ರದ ಕಡೆ ಗೋಡೆಯೇ ಇರಲಿಲ್ಲ. ಇಬ್ಬರೂ ಚೀಲ ಕೆಳಗಿಟ್ಟು ನೀರು ನೋಡುತ್ತ ನಿಂತುಬಿಟ್ಟರು.

ಕೌಂಟರಿನ ಹುಡುಗಿ ಎರಡು ಎಳನೀರು ತಂದಳು. ಒಂದು ಅವ್ವನಿಗೆ, ಒಂದು ನನಗೆ. ಎರಡು ಚಿಪ್ಪಿನ ಹಾರ. ಚಿಗವ್ವನ ಕೈಗೆ ಏನೂ ಬರಲಿಲ್ಲ.

"ನಿಮ್ಮ ಅಟೆಂಡೆಂಟಿಗೆ ಹಿಂದುಗಡೆ ಕೋಣೆ ಇದೆ, ಲಾಂಡ್ರಿ ಪಕ್ಕ," ಎಂದಳು ಹಿಂದಿಯಲ್ಲಿ, ಬಹಳ ನಯವಾಗಿ.

ಅವಳ ಕೈಯಲ್ಲಿದ್ದ ಬುಕಿಂಗ್ ಕಾಗದ ಕಿತ್ತುಕೊಂಡು ನೋಡಿದೆ. ಅತಿಥಿಗಳು ಎರಡು. ಅಟೆಂಡೆಂಟ್ ಒಂದು. ಅದರ ಎದುರು ಚಿಗವ್ವನ ಹೆಸರು. ಮೈಯೆಲ್ಲ ಉರಿಯಿತು. ಅಲ್ಲಿಂದಲೇ ಹೊಸಪೇಟೆಯ ಅಂಗಡಿಯವನಿಗೆ ಫೋನು ಹಚ್ಚಿದೆ.

"ನಿಮ್ಮ ಅನುಕೂಲಕ್ಕ ಮಾಡಿದ್ದು ಮೇಡಂ," ಎಂದ. "ಹಂಗ ಬರದ್ರ ಮೂರನೇ ಮಂದಿಗೆ ಜಾಗ ಸಿಗ್ತೈತಿ. ಕಾಗದದ ಮ್ಯಾಲ ಏನಿದ್ರ ಏನು? ಆ ಅಮ್ಮಾರಿಗೆ ಓದಾಕ ಬರ್ತೈತೇನು?"

ನಾನು ಅವನಿಗೆ ಅಂದದ್ದನ್ನು ಇಲ್ಲಿ ಬರೆಯುವುದಿಲ್ಲ. ಕೌಂಟರಿನ ಹುಡುಗಿಯ ಮೇಲೂ ಕೂಗಾಡಿದೆ. ಕಾಟೇಜಿಗೆ ಇಬ್ಬರೇ ಮೇಡಂ, ಹೆಚ್ಚಿನ ಹಾಸಿಗೆ ಇಲ್ಲ ಮೇಡಂ ಎಂದು ಅವಳು ಅದೇ ನಯದಲ್ಲಿ ಹೇಳುತ್ತಲೇ ಇದ್ದಳು. ಅವ್ವ, ಚಿಗವ್ವ ಇಬ್ಬರಿಗೂ ಹಿಂದಿ ಬಾರದು. ತಮ್ಮ ಬೆನ್ನ ಹಿಂದೆ ಏನು ನಡೆದಿದೆ ಎಂಬುದೇ ಗೊತ್ತಿಲ್ಲದೆ ನೀರು ನೋಡುತ್ತಿದ್ದರು. ಆಗ ನನಗೆ ಒಂದು ಹುರುಪು ಬಂತು.

"ಅಟೆಂಡೆಂಟ್ ನಾನು. ಅವರಿಬ್ಬರೂ ಅತಿಥಿಗಳು. ತಿದ್ದಿ ಬರೀರಿ," ಎಂದೆ.

ನನ್ನ ಎಳನೀರು ಚಿಗವ್ವನ ಕೈಗೆ, ಹಾರ ಅವಳ ಕೊರಳಿಗೆ. ಟೀಚರುಗಳಿಗೆ ಇಲ್ಲಿ ಬೇರೆ ರೂಮು ಕೊಡ್ತಾರೆ ಎಂದು ಇಬ್ಬರಿಗೂ ಸುಳ್ಳು ಹೇಳಿದೆ. ಎಂಥ ದೊಡ್ಡ ಕೆಲಸ ಮಾಡಿದೆ ಎಂದು ಒಳಗೊಳಗೇ ಬೀಗಿದೆ.

ಹಿಂದಿನ ಕೋಣೆಗೆ ತಗಡಿನ ಮಾಡು. ನಾಲ್ಕು ಕಬ್ಬಿಣದ ಮಂಚ. ಪಕ್ಕದ ಲಾಂಡ್ರಿಯ ಬಿಸಿ ಗೋಡೆಯಿಂದ ಒಳಕ್ಕೆ ಬರುತ್ತಿತ್ತು. ಅಲ್ಲಿ ಜಾರ್ಖಂಡಿನ ಒಬ್ಬ ಹೆಂಗಸಿದ್ದಳು. ದೆಹಲಿಯ ಒಂದು ಕುಟುಂಬದ ಅವಳಿ ಮಕ್ಕಳನ್ನು ನೋಡಿಕೊಳ್ಳಲು ಬಂದವಳು. ಹೊಸಬಳೆಂದು ಅವಳೇ ತನ್ನ ಸೋಪು ಮುಂದಿಟ್ಟಳು.

"ನಿಮ್ಮ ಮೇಡಂ ಹೇಗೆ?" ಎಂದು ಕೇಳಿದಳು.

"ಇಬ್ಬರಿದ್ದಾರೆ. ಇಬ್ಬರೂ ಒಳ್ಳೆಯವರು. ಬೈಗುಳ ಮಾತ್ರ ಜಾಸ್ತಿ."

ಅವಳು ನಕ್ಕಳು. ಬಂದು ನಾಲ್ಕು ದಿನವಾದರೂ ತಾನು ಇನ್ನೂ ನೀರಿಗೆ ಇಳಿದಿಲ್ಲ ಎಂದಳು. ಇಳಿದರೆ ಟವೆಲ್ ಹಿಡಿದು ನಿಲ್ಲುವವರು ಯಾರು?

ಮರುದಿನ ಬೆಳಿಗ್ಗೆ ನಾನು ಹಲ್ಲುಜ್ಜುತ್ತಿದ್ದಾಗ ಚಿಗವ್ವ ಹುಡುಕಿಕೊಂಡು ಬಂದಳು. ಬಾಗಿಲಲ್ಲಿ ನಿಂತು ತಗಡು ನೋಡಿದಳು, ಮಂಚ ನೋಡಿದಳು.

"ಇದೇನಲೇ, ಟೀಚರುಗಳ ರೂಮು?"

ಹೇಳದೆ ಗತಿಯಿರಲಿಲ್ಲ. ಹೇಳಿದೆ.

"ನನ್ನ ಹೆಸರಿನ ಮುಂದ ಏನಂತ ಬರದಿದ್ರು?"

"ಕೆಲಸದಾಕಿ ಅಂತ."

"ಹೌದು, ಕೆಲಸದಾಕಿನೇ. ಜನ್ಮಪೂರ್ತಿ ಕೆಲಸ ಮಾಡೀನಿ, ಅದಕ್ಕ ನನಗ್ಯಾಕ ನಾಚಿಕಿ? ನಿನಗ ಬರಬೇಕು ನಾಚಿಕಿ. ನಾವಿಬ್ರೂ ಸೊಂಟ ಮುರಕೊಂಡಿದ್ದು ನೀ ಇಂಥ ಕೋಣ್ಯಾಗ ಬಂದು ಬೀಳಲಿ ಅಂತೇನು?"

"ಚಿಗವ್ವ, ಹಾಸಿಗಿ ಇರಲಿಲ್ಲ, ಅದಕ್ಕ ನಂದು ನಿನಗ..."

"ನಿಂದು ನನಗ ಕೊಟ್ಟು ದೊಡ್ಡಾಕಿ ಆದಿ. ಹಾಸಿಗಿ ಬಿಟ್ಟುಕೊಡೋದು ನಮಗ ಬರಂಗಿಲ್ಲೇನು? ಅದನ್ನ ಕಲಿಯಾಕ ಕಾಲೇಜು ಬೇಕಿತ್ತೇನು? ಅವ್ರ ಬಾಯಾಗಿಂದ ಮೂರನೇ ಹಾಸಿಗಿ ಕೀಳಬೇಕಿತ್ತು ನೀನು!"

ಕೆನ್ನೆಗೆ ಹೊಡೆದಂತಾಯಿತು. ನಾನು ಬಾಯಿ ತೆರೆಯುವಷ್ಟರಲ್ಲಿ ಅವಳು ಕಾಟೇಜಿನ ಕಡೆ ನಡೆದಿದ್ದಳು.

ನಾಟಿಯ ಗುಂಪುಗಳಲ್ಲಿ ಒಂದು ಪದ್ಧತಿ ಇದೆ. ಹೊಲದವನು ಮಾತು ತಪ್ಪಿದರೆ ಹೆಂಗಸರು ಜಗಳವಾಡುವುದಿಲ್ಲ. ಗದ್ದೆಯಿಂದ ಎದ್ದು ಬಂದು, ಕಾಲುವೆಯಲ್ಲಿ ಕೈಕಾಲು ತೊಳೆದು, ಕಟ್ಟಿದ ಸೀರೆ ಇಳಿಬಿಟ್ಟು ಬದುವಿನ ಮೇಲೆ ಕುಳಿತುಬಿಡುತ್ತಾರೆ. ಗದ್ದೆಗೆ ಬೆನ್ನು ಹಾಕಿ, ದಾರಿಗೆ ಮುಖ ಮಾಡಿ. ಒಂದು ಮಾತಿಲ್ಲ. ಕಿತ್ತು ಕಟ್ಟಿಟ್ಟ ಸಸಿ ಬಿಸಿಲಿಗೆ ಬಾಡುತ್ತ ಹೋಗುತ್ತದೆ. ಹೊಲದವನೇ ಓಡಿ ಬರಬೇಕು.

ನಾನು ಬಟ್ಟೆ ಬದಲಿಸಿ ಹೋಗುವಷ್ಟರಲ್ಲಿ ಇಬ್ಬರೂ ರೆಸಾರ್ಟಿನ ಆಫೀಸಿನ ಮೆಟ್ಟಿಲ ಮೇಲೆ ಕುಳಿತಿದ್ದರು. ಕೌಂಟರಿಗೆ ಬೆನ್ನು, ಗೇಟಿಗೆ ಮುಖ. ಪಾದ ತೊಳೆದುಕೊಂಡಿದ್ದರು, ಮೆಟ್ಟಿಲ ಮೇಲೆ ಒದ್ದೆ ಗುರುತಿತ್ತು. ಅವ್ವ ಎಲೆಚೀಲ ಬಿಚ್ಚಿ ಅಡಿಕೆ ಕತ್ತರಿಸುತ್ತಿದ್ದಳು.

ಕೌಂಟರಿನ ಹುಡುಗಿ ಬಂದು ಏಳಿ ಎಂದಳು. ಕೇಳಿಸಲೇ ಇಲ್ಲ ಎಂಬಂತೆ ಕುಳಿತರು. ಅಷ್ಟರಲ್ಲಿ ಬೆಳಗಿನ ಹಡಗಿನವರನ್ನು ಹೊತ್ತ ಜೀಪು ಬಂತು. ಟೋಪಿ, ಕಪ್ಪು ಕನ್ನಡಕ, ಗಾಲಿ ಪೆಟ್ಟಿಗೆಗಳು. ಮೆಟ್ಟಿಲು ಹತ್ತಲು ಜಾಗವಿಲ್ಲದೆ ಬಿಸಿಲಲ್ಲೇ ನಿಂತರು.

"ನೋಡೋಣ," ಎಂದಳು ಅವ್ವ ಎಲೆಗೆ ಸುಣ್ಣ ಹಚ್ಚುತ್ತ, "ಇವ್ರ ಸಸಿ ಎಷ್ಟೊತ್ತು ತಡಕೊಂತಾವ."

ಚಿಗವ್ವ ಕಿಸಕ್ಕೆಂದಳು. ಮ್ಯಾನೇಜರ್ ಓಡಿ ಬಂದ. ಈ ಸಲ ನಾನು ಕೂಗಲಿಲ್ಲ. ಮೂರನೆಯ ಹಾಸಿಗೆ ಬರಬೇಕು, ಪಟ್ಟಿಯಲ್ಲಿ ಮೂವರೂ ಅತಿಥಿಗಳೆಂದು ಬರೆಯಬೇಕು, ಬರೆದದ್ದನ್ನು ನನಗೆ ತೋರಿಸಬೇಕು. ಅಲ್ಲಿಯವರೆಗೆ ಇವರು ಏಳುವುದಿಲ್ಲ, ಏಳಿ ಎಂದು ನಾನೂ ಹೇಳುವುದಿಲ್ಲ ಎಂದೆ. ಹೇಳಿ ಅವರ ಪಕ್ಕದಲ್ಲಿ ಕುಳಿತೆ. ನಿನ್ನೆ ಇಡೀ ರೆಸಾರ್ಟಿನಲ್ಲಿ ಇಲ್ಲದ ಹಾಸಿಗೆ ಒಂದು ಎಲೆಯಡಿಕೆ ಮುಗಿಯುವುದರೊಳಗೆ ಉಗ್ರಾಣದಿಂದ ಹೊರಬಂತು. ಅಂದರೆ ಅದು ನಿನ್ನೆಯೂ ಅಲ್ಲೇ ಇತ್ತು! ಇದನ್ನು ನೆನೆದರೆ ಈಗಲೂ ರಕ್ತ ಕುದಿಯುತ್ತದೆ.

ಉಳಿದ ಎರಡು ದಿನ ನಾವು ಮೂವರೂ ಆ ಕಾಟೇಜಿನಲ್ಲಿದ್ದೆವು. ಸುಖವಾಗಿತ್ತು, ಸುಳ್ಳು ಯಾಕೆ ಹೇಳಲಿ. ಅವ್ವ ಬೆತ್ತದ ಕುರ್ಚಿಯಿಂದ ಏಳುತ್ತಿರಲಿಲ್ಲ. ಚಿಗವ್ವ ಸೀರೆ ಎತ್ತಿ ಕಟ್ಟಿ ನೀರಿಗಿಳಿದು, ಇಲ್ಲಿ ಕೆಸರೇ ಇಲ್ಲಲ್ಲೇ ಎಂದು ಕೂಗುತ್ತಿದ್ದಳು.

ಹೊರಡುವ ದಿನ ಜೀಪಿಗೆ ಕಾಯುವಾಗ ಆ ದೆಹಲಿಯ ಮೇಡಂ ಗಂಡನೊಂದಿಗೆ ಆಫೀಸಿನಲ್ಲಿ ಕುಳಿತಿದ್ದರು. ಜಾರ್ಖಂಡಿನ ಹೆಂಗಸು ಒಂದು ಮಗುವನ್ನು ಎತ್ತಿಕೊಂಡು, ಇನ್ನೊಂದರ ಕೈ ಹಿಡಿದು ಹಿಂದೆ ನಿಂತಿದ್ದಳು. ನನಗೆ ತಡೆಯಲಾಗಲಿಲ್ಲ. ಹೋಗಿ, ಇವರು ಮಲಗುವ ಕೋಣೆಯನ್ನು ನೀವು ಒಮ್ಮೆಯಾದರೂ ನೋಡಿದ್ದೀರಾ ಎಂದು ಕೇಳಿದೆ.

ಅವರು ಗಾಬರಿಯಾಗಲಿಲ್ಲ, ಸಿಟ್ಟೂ ಆಗಲಿಲ್ಲ.

"ಅವಳು ಏನೂ ಹೇಳಿಲ್ಲವಲ್ಲ. ಲಾಂಡ್ರಿ ಪಕ್ಕದಲ್ಲೇ ಇದೆ, ಮಕ್ಕಳ ಬಟ್ಟೆಗೆ ಅವಳಿಗೂ ಅನುಕೂಲ," ಎಂದರು.

"ನಾನು ಒಂದು ರಾತ್ರಿ ಮಲಗಿದ್ದೇನೆ ಅಲ್ಲಿ. ನೀವೂ ಒಂದು ರಾತ್ರಿ..."

ಅಷ್ಟರಲ್ಲಿ ಆ ಹೆಂಗಸಿನ ಮುಖ ಕಂಡಿತು. ಮಗುವಿನ ತಲೆಯ ಮೇಲಿಂದ ನನ್ನನ್ನೇ ನೋಡುತ್ತಿದ್ದಳು. ಬೇಡ ಎಂದು ತಲೆಯಾಡಿಸಿದಳು, ಬೇರೆ ಯಾರಿಗೂ ಕಾಣದಷ್ಟು ಸಣ್ಣಗೆ. ನಾನು ಸಂಜೆಗೆ ಹಡಗಿನಲ್ಲಿರುತ್ತೇನೆ. ನಾನು ಆಡಿದ ಪ್ರತಿ ಮಾತಿಗೆ ಉತ್ತರ ಕೊಡಬೇಕಾದವಳು ಅವಳು. ಅವಳ ಪಕ್ಕದಲ್ಲಿ ಮೆಟ್ಟಿಲ ಮೇಲೆ ಕೂರಲು ಯಾರೂ ಇರಲಿಲ್ಲ.

ಮಾತು ಅಷ್ಟಕ್ಕೇ ಬಿಟ್ಟು ನನ್ನ ಚೀಲ ಎತ್ತಿಕೊಂಡೆ.

ಜೀಪಿನಲ್ಲಿ ಕುಳಿತ ಮೇಲೆ, "ಏನಂದ್ಲು ಆ ಮಕ್ಕಳ ತಾಯಿ?" ಎಂದು ಚಿಗವ್ವ ಕೇಳಿದಳು.

"ಏನಿಲ್ಲ."

"ಏನಿಲ್ಲ ಅಂದ್ರ ಯಾಕ ಹಂಗ ಹಿಂದ ಹೊಳ್ಳಿ ಹೊಳ್ಳಿ ನೋಡಾಕತ್ತಿ?"

ಆ ಹೆಂಗಸು ಮಗುವನ್ನು ಎತ್ತಿಕೊಂಡು ಇನ್ನೂ ಅಲ್ಲೇ ನಿಂತಿದ್ದಳು.