ದೂರ ಹೋಗಿ ಕೂರುತ್ತಿದ್ದ ಇಸ್ತ್ರಿಯವನು

ಆ ಕಟ್ಟಡದ ಮೆಟ್ಟಿಲ ಕೆಳಗೆ ಒಂದು ಮೂಲೆ. ನೆಟ್ಟಗೆ ನಿಂತರೆ ತಲೆ ತಗಲುವಷ್ಟು ತಗ್ಗು. ಅಲ್ಲೊಂದು ಮರದ ಮೇಜು, ಮೇಜಿನ ಮೇಲೆ ಹಳೇ ಕಂಬಳಿ, ಕಂಬಳಿಯ ಮೇಲೆ ಅಲ್ಲಲ್ಲಿ ಸುಟ್ಟ ಕಲೆಯಿರುವ ಬಿಳಿ ಬಟ್ಟೆ. ಅದರ ಹಿಂದೆ ಇಸ್ತ್ರಿಯವನು. ಹೆತ್ತವರು ಇಟ್ಟ ಹೆಸರು ಅವನಿಗೂ ಇತ್ತು, ಆದರೆ ಅದನ್ನು ಹಿಡಿದು ಕರೆಯುವವರು ಅಲ್ಲಿ ಯಾರೂ ಇರಲಿಲ್ಲ. ಹಿರಿಯರಿಗೆ ಅವನು ‘ಏನಪ್ಪಾ ಇಸ್ತ್ರಿ’, ಹೆಂಗಸರಿಗೆ ‘ಇಸ್ತ್ರಿ ಅಣ್ಣ’, ಮಕ್ಕಳಿಗೆ ‘ಇಸ್ತ್ರಿ ಮಾಮ’. ನಲವತ್ತು ದಾಟಿತ್ತು, ಮದುವೆಯಾಗಿರಲಿಲ್ಲ. ಮೇಜಿನ ಹಿಂದಿನ ಬಾಗಿಲು ತೆಗೆದರೆ ಒಂದೇ ಕೋಣೆ. ಅದರಲ್ಲಿ ಅವನು ಮತ್ತು ಗಂಡನನ್ನು ಕಳೆದುಕೊಂಡ ಅವನ ಅಕ್ಕ. ಮೇಲಿನ ಮನೆಗಳ ಎಳೆ ಮಕ್ಕಳನ್ನು ನೋಡಿಕೊಳ್ಳುವುದು ಅಕ್ಕನ ಕೆಲಸ. ಬಾಯಿ ಜೋರು, ಕೈ ಮೆತ್ತಗೆ.

ಇಸ್ತ್ರಿಯವನ ಕೆಲಸ ನಿಂತು ನೋಡುವಂಥದ್ದು. ನೀರು ಚಿಮುಕಿಸಿ ಸುರುಳಿ ಸುತ್ತಿ, ಬಟ್ಟೆಯನ್ನು ಸ್ವಲ್ಪ ಹೊತ್ತು ಅದರ ಪಾಡಿಗೆ ಬಿಡುತ್ತಿದ್ದ. “ನೀರು ಕುಡೀಲಿ ಬಿಡಿ, ಆಮೇಲೆ ಮಾತಾಡ್ಸೋಣ,” ಎನ್ನುತ್ತಿದ್ದ. ಮೊದಲು ಕಾಲರಿನ ಒಳಮೈ, ಆಮೇಲೆ ತೋಳು, ಕೊನೆಗೆ ಬೆನ್ನು. ಜೇಬಿನಲ್ಲಿ ಚೀಟಿ, ಚಿಲ್ಲರೆ ಏನು ಸಿಕ್ಕರೂ ಹಾಗೇ ಮಡಿಕೆಯ ಮೇಲಿಟ್ಟು ಕಳಿಸುತ್ತಿದ್ದ. ಅಕ್ಕ ಒಮ್ಮೆ ಯಾರದೋ ಚೀಟಿ ಬಿಡಿಸಲು ಹೋಗಿ ಕೈ ಮೇಲೆ ಏಟು ತಿಂದಿದ್ದಳು.

“ಬಟ್ಟೆ ಕೊಟ್ಟಿರೋದು ಸುಕ್ಕು ತೆಗಿಯೋಕೆ, ಜೇಬು ಓದೋಕಲ್ಲ.”

“ನೋಡಿದ್ರೆ ಅಕ್ಷರ ಸವೆದು ಹೋಗುತ್ತೇನೋ?” ಎಂದು ಅಕ್ಕ ಮುಖ ತಿರುಗಿಸಿದ್ದಳು.

ಸಂಜೆಯಾದರೆ ಇಸ್ತ್ರಿ ಪೆಟ್ಟಿಗೆ ಆರಿಸಿ, ಕೈಕಾಲು ತೊಳೆದು, ಗರಿಗರಿಯಾದ ಅಂಗಿ ತೊಟ್ಟು ಹೊರಟುಬಿಡುತ್ತಿದ್ದ. ಮಾರುಕಟ್ಟೆ ದಾಟಿ, ಸೇತುವೆ ದಾಟಿ, ದೊಡ್ಡ ಬಸ್ ನಿಲ್ದಾಣದ ಕೊನೆಯ ಬೆಂಚಿನಲ್ಲಿ ಕೂತ ಮೇಲೇ ಫೋನು ತೆಗೆಯುತ್ತಿದ್ದ. ಕಟ್ಟಡದವರು ಗಾಳಿ ಸೇವನೆಗೆ ಹೋಗುತ್ತಾನೆ ಎಂದುಕೊಂಡಿದ್ದರು. ಬಸ್ಸುಗಳ ಹೊಗೆಯಲ್ಲಿ ಎಂಥ ಗಾಳಿಯೋ!

ವಿಷಯ ಬೇರೆಯೇ ಇತ್ತು. ಅವನು ಗಂಡಸರನ್ನೇ ಇಷ್ಟಪಡುವ ಗಂಡಸು. ಅಕ್ಕನಿಗೆ ಅದು ಗೊತ್ತಿತ್ತು, ಅವಳಿಗೆ ಗೊತ್ತಿರುವುದು ಅವನಿಗೂ ಗೊತ್ತಿತ್ತು. ಬಾಯಿಬಿಟ್ಟು ಆಡಿದ್ದಿಲ್ಲ, ಅಷ್ಟೆ. ಹರೆಯದಲ್ಲಿ ಅವನಿಗೊಬ್ಬ ಜೀವದ ಗೆಳೆಯನಿದ್ದ, ಲಾರಿ ಡ್ರೈವರ್. ಆ ಗೆಳೆಯ ಕಣ್ಣೆದುರೇ ಸೊರಗುತ್ತಾ ಹೋದ. ಯಾರಾದರೂ ನೋಡಿಬಿಟ್ಟಾರು ಎಂಬ ಹೆದರಿಕೆಗೆ ಪರೀಕ್ಷೆ ಮಾಡಿಸಿಕೊಳ್ಳಲಿಲ್ಲ. ಕೊನೆಗೆ ಹೊತ್ತುಕೊಂಡು ಹೋಗಿ ಆಸ್ಪತ್ರೆಗೆ ಸೇರಿಸಿದಾಗ ಎಚ್‌ಐವಿ ಎಂದರು. ಅಷ್ಟು ಹೊತ್ತಿಗೆ ಮೈಯಲ್ಲಿ ಕಸುವೇ ಉಳಿದಿರಲಿಲ್ಲ, ಕೆಲವೇ ದಿನಕ್ಕೆ ತೀರಿಕೊಂಡ. “ಈಗಿನ ಮಾತ್ರೆ ನುಂಗ್ಕೊಂಡು ಜನ ಆಯಸ್ಸು ಪೂರ್ತಿ ಬದುಕ್ತಾರಪ್ಪ. ಮುಂಚೆ ಕರ್ಕೊಂಡು ಬಂದಿದ್ರೆ...” ಎಂದು ನರ್ಸಮ್ಮ ಮಾತು ನುಂಗಿಕೊಂಡಿದ್ದಳು. ಆ ಅರ್ಧ ಮಾತು ಅವನ ಎದೆಯಲ್ಲಿ ಮುಳ್ಳಿನ ಹಾಗೆ ಉಳಿದುಬಿಟ್ಟಿತು.

ಅದೇ ನರ್ಸಮ್ಮ ಮುಂದೆ ಆಸ್ಪತ್ರೆ ಪಕ್ಕದ ಪರೀಕ್ಷಾ ಕೇಂದ್ರಕ್ಕೆ ಬಂದಾಗ ಅವನನ್ನು ಕರೆಸಿದಳು. ಕೇಂದ್ರದವರು ಗೇ ಗಂಡಸರಿಗೆಂದು ಫೋನಿನಲ್ಲಿ ಒಂದು ಆ್ಯಪ್ ಮಾಡಿಸಿದ್ದರು. ಹೆಸರು ಹೇಳಬೇಕಿಲ್ಲ, ಅಡ್ಡಹೆಸರು ಸಾಕು. ಕಾಂಡೋಮ್ ಎಲ್ಲಿ ಸಿಗುತ್ತದೆ, ರೋಗ ತಗಲದ ಹಾಗೆ ಮುಂಚೆಯೇ ನುಂಗುವ ಮಾತ್ರೆ ಯಾರಿಗೆ ಕೊಡುತ್ತಾರೆ, ಪರೀಕ್ಷೆಗೆ ಜನ ಕಡಿಮೆಯಿರುವ ಹೊತ್ತು ಯಾವುದು, ಏನು ಬೇಕಾದರೂ ಕೇಳಬಹುದು. ಹೊತ್ತು ಆರಿಸಿಕೊಂಡರೆ ಒಂದು ನಂಬರ್ ಬರುತ್ತದೆ. ಕೇಂದ್ರದಲ್ಲಿ ಆ ನಂಬರ್ ಹೇಳಿದರೆ ಮುಗಿಯಿತು. ಉತ್ತರ ಕೊಡಲು ಗೇ ಗಂಡಸರೇ ಕೆಲವರು ಬೇಕಿತ್ತು.

“ನಂಗೆ ಓದು ಬರಹ ಅಷ್ಟಕ್ಕಷ್ಟೇ ನರ್ಸಮ್ಮ.”

“ಹೇಳೋರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಕೂತು ಕೇಳೋರಿಲ್ಲ. ನೀನು ಕೇಳ್ತೀಯ.”

ಹೀಗೆ ಶುರುವಾಯಿತು. ಒಂದೇ ಬೆರಳಿನಲ್ಲಿ ಅಕ್ಷರ ಒತ್ತಿ ಒತ್ತಿ ಉತ್ತರ ಬರೆಯುತ್ತಿದ್ದ. ಆ್ಯಪಿನಲ್ಲಿ ಅವನ ಹೆಸರು ‘ದೊಡ್ಡಣ್ಣ’, ಪಟದ ಜಾಗ ಖಾಲಿ. ಆದರೆ ಆ ಆ್ಯಪಿನಲ್ಲಿ ಒಂದು ತೊಡಕಿತ್ತು. ಮಾತಾಡುವ ಇಬ್ಬರ ನಡುವೆ ದೂರ ಎಷ್ಟು ಎಂದು ತೆರೆಯ ಮೇಲೆ ತೋರಿಸುತ್ತಿತ್ತು. ನಮ್ಮವನೊಬ್ಬ ಹತ್ತಿರದಲ್ಲೇ ಇದ್ದಾನೆ ಎಂದು ತಿಳಿದರೆ ಧೈರ್ಯ ಬಂದೀತು ಎಂಬುದು ಮಾಡಿದವರ ಎಣಿಕೆ. ಬಚ್ಚಿಟ್ಟುಕೊಂಡು ಬದುಕುವವನಿಗೆ ಹತ್ತಿರದವರ ಭಯವೇ ಹೆಚ್ಚು ಎಂಬುದು ಇಸ್ತ್ರಿಯವನಿಗೆ ಮೊದಲ ವಾರವೇ ತಿಳಿಯಿತು. ಪಕ್ಕದ ಬೀದಿಯವನು ಎಂದು ಗೊತ್ತಾದ ಕೂಡಲೇ ಮಾತಾಡುತ್ತಿದ್ದವರು ಮಾಯವಾಗುತ್ತಿದ್ದರು. ಹೇಳಿದ್ದಕ್ಕೆ ನರ್ಸಮ್ಮ, “ತೆಗೆಸ್ತೀವಿ ಅಂದಿದ್ದಾರಪ್ಪ, ಯಾವಾಗ ತೆಗೆಸ್ತಾರೋ,” ಎಂದಳು. “ಅಲ್ಲೀವರೆಗೆ ನನ್ನ ಕಾಲಿವೆಯಲ್ಲ,” ಎಂದ ಅವನು. ಅಂದಿನಿಂದ ದೂರ ಹೋಗಿ ಕೂರುವುದು ರೂಢಿಯಾಯಿತು.

ಆ ಬೆಂಚಿನಲ್ಲಿ ಕೂತೇ ಅವನು ಎಷ್ಟೋ ಜನರನ್ನು ಪರೀಕ್ಷೆಗೆ ಕಳಿಸಿದ. ರೋಗ ಕಂಡವರಿಗೆ, “ಮಾತ್ರೆ ಬಿಡದೆ ತಗೊಂಡು, ರಕ್ತದಲ್ಲಿ ರೋಗ ಕಾಣದಷ್ಟು ಅಡಗಿದ್ರೆ, ಅದು ಇನ್ನೊಬ್ರಿಗೂ ದಾಟಲ್ಲ,” ಎಂದು ಸಮಾಧಾನ ಹೇಳಿದ. ಅವರಲ್ಲಿ ಒಬ್ಬನ ಮುಖವನ್ನೂ ಅವನು ಕಂಡವನಲ್ಲ.

ಒಬ್ಬ ಮಾತ್ರ ಕೈಗೆ ಸಿಗುತ್ತಿರಲಿಲ್ಲ. ಅಡ್ಡಹೆಸರು ‘ಗುಬ್ಬಿ’. ಬರುವುದು, ಎರಡು ಮಾತಾಡುವುದು, ಪುರ್ರನೆ ಹಾರಿಹೋಗುವುದು. ಆಗಾಗ ಜ್ವರ ಬರುತ್ತದೆ, ತೂಕ ಇಳಿದಿದೆ, ಭಯದಲ್ಲಿ ನಿದ್ದೆ ಹತ್ತುವುದಿಲ್ಲ ಎಂದು ಬರೆಯುತ್ತಿದ್ದ. ಓದಿದಾಗಲೆಲ್ಲ ಇಸ್ತ್ರಿಯವನಿಗೆ ಲಾರಿಯ ಗೆಳೆಯ ಕಣ್ಣ ಮುಂದೆ ಬರುತ್ತಿದ್ದ. ಇವನನ್ನು ಹಾಗೆ ಕಳೆದುಕೊಳ್ಳಬಾರದು ಎಂದು ಪಣ ತೊಟ್ಟವನಂತೆ ದಿನವೂ ಮಾತಾಡಿಸಿದ. ಕೊನೆಗೊಂದು ದಿನ ಗುಬ್ಬಿ ಶನಿವಾರದ ಬೆಳಿಗ್ಗೆಗೆ ಒಪ್ಪಿ ನಂಬರ್ ತೆಗೆದುಕೊಂಡ.

ಆ ವಾರವೇ ಇಸ್ತ್ರಿಯವನಿಗೆ ಜ್ವರ ಬರಬೇಕೇ! ಹಾಸಿಗೆಯಿಂದ ಏಳಲು ಆಗಲಿಲ್ಲ. ಸಂಜೆ ಫೋನು ಗುಂಯ್‌ಗುಟ್ಟಿತು. “ಅಣ್ಣ, ಸೂಜಿ ತುಂಬಾ ನೋಯುತ್ತಾ?” ಎಂದು ಗುಬ್ಬಿ ಕೇಳಿದ್ದ. ಇಷ್ಟಕ್ಕೆ ಉತ್ತರ ಬಾರದೆ ಮನಸ್ಸು ಬದಲಾಯಿಸಿದರೆ? ಜ್ವರದ ಮಂಪರಿನಲ್ಲಿ ಎಲ್ಲಿದ್ದೇನೆ ಎಂಬುದು ಮರೆತೇಹೋಗಿ, ಮಲಗಿದಲ್ಲೇ ಆ್ಯಪ್ ತೆಗೆದು, “ಇರುವೆ ಕಚ್ಚಿದ ಹಾಗೆ, ಅಷ್ಟೇ ಕಣೋ,” ಎಂದು ಬರೆದ.

ಆ ಕಡೆಯಿಂದ ಬಂತು: “ನೀವು ಇದೇ ಕಟ್ಟಡದಲ್ಲಿದ್ದೀರ. ಯಾರು ನೀವು? ನನ್ನ ಬೆನ್ನು ಹತ್ತಿದ್ದೀರಾ?”

ಇಸ್ತ್ರಿಯವನು ಎದ್ದು ಕೂತ. ದೂರ ತೋರಿಸುವ ಜಾಗದಲ್ಲಿ ಕೆಲವೇ ಮೀಟರ್ ಎಂದಿತ್ತು. ಉತ್ತರ ಬರೆಯುವಷ್ಟರಲ್ಲಿ ಗುಬ್ಬಿ ಹೋಗಿಯಾಗಿತ್ತು. ಶನಿವಾರದ ನಂಬರೂ ರದ್ದಾಗಿತ್ತು. ಬರೆದದ್ದು ಯಾವುದನ್ನೂ ಆ ಕಡೆ ಓದಿದ ಗುರುತಿಲ್ಲ.

ಮನಸ್ಸು ಮಾಡಿದ್ದರೆ ಗುಬ್ಬಿ ಯಾರೆಂದು ಅವನು ಒಂದು ದಿನದಲ್ಲಿ ಕಂಡುಹಿಡಿಯಬಹುದಿತ್ತು. ಇಡೀ ಕಟ್ಟಡದ ಬಟ್ಟೆ ಅವನ ಕೈಯಲ್ಲೇ ಓಡಾಡುತ್ತದೆ. ಯಾರ ಪ್ಯಾಂಟಿನ ಸೊಂಟ ಈಚೆಗೆ ಸಡಿಲಾಗಿ ಹೊಲಿಗೆ ಬಿಗಿಸಿದ್ದಾರೆ ಎಂದು ನೋಡಿದರೆ ಸಾಕಿತ್ತು. ಆ ಯೋಚನೆ ಬಂದ ದಿನ ಅವನು ಪ್ಯಾಂಟುಗಳನ್ನೆಲ್ಲ ಒಂದು ಕಡೆ ಸರಿಸಿ ಬರೀ ಅಂಗಿ, ಹೊದಿಕೆ ತೀಡಿದ.

ಅಕ್ಕ ಸುಮ್ಮನಿರುವ ಪೈಕಿಯವಳಲ್ಲ. “ಜ್ವರ ಬಿಟ್ಟು ದಿನ ಆಯ್ತು, ಮುಖ ಇನ್ನೂ ಹಿಂಡಿದ ಬಟ್ಟೆ ಹಾಗೇ ಇದೆಯಲ್ಲೋ. ಏನಾಗಿದೆ?”

ಅವನು ಹೇಳಿದ. ಹೆಸರಿಲ್ಲದ ಗುಬ್ಬಿಯ ಕಥೆ ಹೇಳಲು ಹೋಗಿ ತನ್ನ ಕಥೆಯನ್ನೂ ಹೇಳಿದ. ಅಕ್ಕ ಟೀ ಲೋಟ ಹಿಡಿದುಕೊಂಡು ಕೊನೆಯವರೆಗೂ ಕೇಳಿದಳು.

“ಅವನಿಗೆ ನನ್ನ ಭಯ ಅಕ್ಕ. ತಾನ್ಯಾರು ಅಂತ ನಂಗೆ ಗೊತ್ತಾಗೋಯ್ತು, ನಾನ್ಯಾರು ಅಂತ ತನಗೆ ಗೊತ್ತಿಲ್ಲ ಅಂತ. ಅದಕ್ಕೆ ನನ್ನ ಪಟ ಹಾಕ್ಬಿಡೋಣ ಅಂತಿದ್ದೀನಿ.”

“ಹಾಕಿದ್ರೆ?”

“ಆ ಆ್ಯಪ್ ಇರೋ ಯಾರಿಗೆ ಬೇಕಾದ್ರೂ ಕಾಣುತ್ತೆ. ಆಚೆ ಬಂತು ಅಂದ್ರೆ ಇವರು ಬಟ್ಟೆ ಕೊಡೋದು ನಿಲ್ಲಿಸ್ಬಹುದು. ಮಕ್ಕಳನ್ನ ನಿನ್ನ ಹತ್ರ ಬಿಡದೇ ಇರಬಹುದು. ಈ ಕೋಣೇನೂ ಹೋಗ್ಬಹುದು. ಬೇಡ ಅಂದ್ರೆ ಬಿಟ್ಟೆ.”

ಅಕ್ಕ ಲೋಟ ಕೆಳಗಿಟ್ಟಳು. “ಆ ಲಾರಿಯವನು ಬಂದಾಗೆಲ್ಲ ನಂಗೆ ಹಣ್ಣು ತರ್ತಿದ್ದ. ನನ್ನನ್ನ ಅಕ್ಕ ಅಂತಿದ್ದ. ಬಾಯಲ್ಲಿ ಹೇಳದೇ ಇದ್ರೂ ನನಗೇನು ಕಣ್ಣಿರಲಿಲ್ವಾ?” ಎಂದಳು. ಆಮೇಲೆ ಕಣ್ಣು ಒರೆಸಿಕೊಂಡು, “ಪಟ ಹಾಕೋದಾದ್ರೆ ನೆಟ್ಟಗಿರೋದು ಹಾಕು. ಆ ಗಡ್ಡ ತೆಗಿ ಮೊದಲು. ಕಳ್ಳನ ಹಾಗಿದ್ದೀಯ,” ಎಂದಳು.

ಪಟ ತೆಗೆದವಳೂ ಅವಳೇ. ಮೇಜಿನ ಹಿಂದೆ ನಿಂತು, ಒಂದು ಕೈ ಇಸ್ತ್ರಿ ಪೆಟ್ಟಿಗೆಯ ಮೇಲೆ. ಅದರ ಕೆಳಗೆ, “ಎಚ್‌ಐವಿ ಪರೀಕ್ಷೆ, ಮಾತ್ರೆ, ಕಾಂಡೋಮ್: ಏನಿದ್ದರೂ ಕೇಳಿ,” ಎಂದು ಹಾಕಿದ. ಗುಬ್ಬಿಗೆ ಬೇರೆಯಾಗಿ ಬರೆದ: “ಇದು ನಾನು. ಕೆಳಗಡೆ ಇಸ್ತ್ರಿ ಮಾಡೋನು. ನೀನು ಯಾರು ಅಂತ ನಂಗೆ ಗೊತ್ತಿಲ್ಲ, ಗೊತ್ತಾಗೋದೂ ಬೇಡ. ನನ್ನ ಗುಟ್ಟು ನಿನ್ನ ಕೈಲಿದೆ. ನಿಂದು ನಿನ್ನ ಹತ್ರಾನೇ ಇದೆ. ಪರೀಕ್ಷೆಗೆ ಹೋಗು.”

ಮಾರನೆಯ ದಿನ ಅದನ್ನು ಓದಿದ ಗುರುತು ಬಂತು. ಉತ್ತರ ಬರಲಿಲ್ಲ.

ಅದರ ಮರುದಿನ ಬೆಳಿಗ್ಗೆ ಮೆಟ್ಟಿಲ ಪಕ್ಕದ ನೋಟಿಸ್ ಬೋರ್ಡಿನ ಮುಂದೆ ಜನ. ಆ್ಯಪಿನಲ್ಲಿದ್ದ ಹಾಗೇ ಇಸ್ತ್ರಿಯವನ ಪಟ, ಅದರ ಕೆಳಗಿನ ಸಾಲು, ಮೇಲೆ ‘ಗೇ ಗಂಡಸರಿಗಾಗಿ’ ಎಂಬ ತಲೆಬರಹ, ಎಲ್ಲವನ್ನೂ ಯಾರೋ ಕಾಗದಕ್ಕಿಳಿಸಿ ಅಂಟಿಸಿದ್ದರು. ಕಟ್ಟಡದ ಸೆಕ್ರೆಟರಿ, ಕೆಲಸದಿಂದ ನಿವೃತ್ತರಾದ ಮೇಲೆ ಕಟ್ಟಡವನ್ನೇ ಕಚೇರಿ ಮಾಡಿಕೊಂಡವರು, ಕನ್ನಡಕ ಏರಿಸಿ ಇಳಿಸಿ ಓದಿದರು.

“ಏನಪ್ಪಾ ಇದು? ಮಕ್ಕಳು ಮರಿ ಇರೋ ಜಾಗ!”

ಇಸ್ತ್ರಿಯವನು ಬಾಯಿ ತೆರೆಯುವ ಮುಂಚೆ ಅಕ್ಕ ನುಗ್ಗಿದಳು. “ಒಂದು ನಿಮಿಷ ಸಾರ್. ಈ ಪಟ ಆ ಆ್ಯಪ್ ಒಳಗೆ ಮಾತ್ರ ಇರೋದು. ಅಂದ್ಮೇಲೆ ಅಂಟಿಸಿದೋನ ಫೋನಲ್ಲೂ ಅದು ಇದೆ ಅಂತಾಯ್ತಲ್ಲ? ನನ್ನ ತಮ್ಮನ್ನ ಬೈಯೋದಾದ್ರೆ ಅವನನ್ನೂ ಪಕ್ಕದಲ್ಲಿ ನಿಲ್ಲಿಸ್ಕೊಂಡು ಬೈಯಿರಿ!”

ಜನ ಗೊಳ್ಳೆಂದು ನಕ್ಕರು. ಆದರೆ ನಗು ಬೇಗ ದಿಕ್ಕು ಬದಲಿಸಿತು. “ಹೌದಲ್ಲ! ಯಾರಿರಬಹುದು?” ಎಂದರು ಒಬ್ಬರು. “ಎಲ್ಲರೂ ಫೋನ್ ತೆಗೀರಿ ನೋಡೋಣ,” ಎಂದರು ಇನ್ನೊಬ್ಬರು. ತಮಾಷೆಯಾಗಿ ಶುರುವಾದದ್ದು ಹಟವಾಯಿತು. ಸೆಕ್ರೆಟರಿ ತಮ್ಮ ಫೋನನ್ನು ಮೇಲೆತ್ತಿ ಹಿಡಿದು, “ಮೊದಲು ನಂದು ನೋಡಿ. ಆಮೇಲೆ ಮನೆಮನೆಗೂ ಹೋಗೋಣ. ಕಟ್ಟಡದ ಮಾನದ ಪ್ರಶ್ನೆ,” ಎಂದರು.

ಅಕ್ಕನ ಮುಖ ಸಪ್ಪಗಾಯಿತು. ತಮ್ಮನ ಕಡೆ ತಿರುಗಿದಳು. ಈ ಗುಂಪಿನಲ್ಲೋ, ಯಾವುದೋ ಬಾಗಿಲ ಹಿಂದೆಯೋ ಗುಬ್ಬಿ ನಿಂತಿದ್ದಾನೆ. ಇವತ್ತು ಅವನ ಫೋನು ಇವರ ಕೈಗೆ ಸಿಕ್ಕರೆ ಅವನು ಪರೀಕ್ಷೆಗಲ್ಲ, ಇನ್ನೆಲ್ಲಿಗೋ ಹೊರಟುಹೋದಾನು.

ಇಸ್ತ್ರಿಯವನು ಮೇಜಿನ ಹಿಂದಿನಿಂದ ಬಂದ. “ಯಾರ ಫೋನೂ ನೋಡ್ಬೇಡಿ ಸಾರ್. ಅಂಟಿಸಿದ್ದು ನಾನೇ.”

“ನೀನೇ?”

“ಹೌದು. ಎಲ್ಲರಿಗೂ ಗೊತ್ತಾಗ್ಲಿ ಅಂತ. ನಾನು ಅಂಥೋನೇ. ಜನರನ್ನ ಪರೀಕ್ಷೆಗೆ ಕಳಿಸೋ ಕೆಲಸಾನೂ ಮಾಡ್ತೀನಿ. ನಮ್ಮಂಥವರು ಹೆದರ್ಕೊಂಡೇ ಸಾಯ್ತಾರೆ ಸಾರ್. ಒಬ್ಬನನ್ನ ಕಳ್ಕೊಂಡಿದ್ದೀನಿ, ಇನ್ನೊಬ್ಬನನ್ನ ಕಳ್ಕೊಳ್ಳೋಕೆ ಇಷ್ಟ ಇಲ್ಲ.”

“ಬೋರ್ಡಿಗೆ ಅಂಟಿಸೋಕೆ ನನ್ನನ್ನ ಕೇಳ್ಬೇಕು ಅಂತ ಗೊತ್ತಿಲ್ವಾ?” ಎಂದರು ಸೆಕ್ರೆಟರಿ.

“ತಪ್ಪಾಯ್ತು ಸಾರ್. ಮುಂದಿನ ಸಲ ಕೇಳ್ತೀನಿ.”

ಹುಡುಕಾಟ ಅಲ್ಲಿಗೇ ಬಿದ್ದುಹೋಯಿತು. ಜನ ಗೊಣಗುತ್ತಾ ಚದುರಿದರು. ಅಂದೇ ಎರಡು ಮನೆಯವರು ಬಟ್ಟೆಯ ಗಂಟು ವಾಪಸ್ ತೆಗೆದುಕೊಂಡು ಹೋದರು. ಒಬ್ಬ ತಾಯಿ ಅಕ್ಕನ ಮಡಿಲಿನಿಂದ ಮಗುವನ್ನು ಎತ್ತಿಕೊಂಡಳು. ಉಳಿದವರು ಏನೂ ಆಗದವರಂತೆ ಬಟ್ಟೆ ಕೊಟ್ಟರು. ಸೆಕ್ರೆಟರಿ ಮಾತ್ರ ಹಟಕ್ಕೆ ಬಿದ್ದು ಹೊರಗಿನ ಅಂಗಡಿಗೆ ಕೊಟ್ಟರು. ಪ್ಯಾಂಟಿನ ಒಂದೊಂದು ಕಾಲಿಗೂ ಎರಡೆರಡು ಗೆರೆ ಬಿದ್ದಾಗ ಅವರ ಹೆಂಡತಿಯೇ ಗಂಟು ಹೊತ್ತು ಕೆಳಗಿಳಿದರು.

ಬೋರ್ಡಿನ ಗಲಾಟೆಯಾದ ದಿನದ ಸಂಜೆಯೂ ಅವನು ನಿಲ್ದಾಣಕ್ಕೆ ಹೋದ, ಬೇರೆಯವರು ಕಾಯುತ್ತಿರುತ್ತಾರಲ್ಲ. ಫೋನು ತೆಗೆದರೆ ಗುಬ್ಬಿ ಬರೆದಿದ್ದ.

“ಅದನ್ನ ಅಂಟಿಸಿದ್ದು ನಾನು. ನೀವು ಕಟ್ಟಡ ಬಿಟ್ಟು ಹೋದ್ರೆ ನನ್ನ ಭಯ ಹೋಗುತ್ತೆ ಅನ್ಕೊಂಡೆ. ಫೋನ್ ತೆಗೀರಿ ಅಂದಾಗ ಅಲ್ಲೇ ನಿಂತಿದ್ದೆ. ಜೇಬಲ್ಲಿ ಫೋನ್ ಒತ್ತಿ ಹಿಡ್ಕೊಂಡಿದ್ದೆ.”

ಇಸ್ತ್ರಿಯವನು ಫೋನನ್ನು ಬೋರಲಾಗಿ ಬೆಂಚಿನ ಮೇಲಿಟ್ಟ. ಮಡಿಲು ಖಾಲಿಯಾಗಿ ಕೂತಿದ್ದ ಅಕ್ಕ ನೆನಪಾದಳು. ಸಿಟ್ಟು ನೆತ್ತಿಗೇರಿತು. ಬೈದು ಬರೆಯಬೇಕಾದ ಮಾತುಗಳು ಸಾಲುಗಟ್ಟಿ ಬಂದವು. ಒಂದು ಬಸ್ ಬಂತು, ಜನರನ್ನು ಇಳಿಸಿ ಹೋಯಿತು. ಇನ್ನೊಂದು ಬಂತು. ಆಮೇಲೆ ಅವನು ಫೋನು ಎತ್ತಿಕೊಂಡು, ಒಂದೇ ಬೆರಳಿನಲ್ಲಿ ಬರೆದ:

“ಶನಿವಾರ ಬೆಳಿಗ್ಗೆ ಜನ ಕಡಿಮೆ. ಹೋಗ್ತೀಯಾ?”

ಆ ಕಡೆ ಬರೆಯುತ್ತಿರುವ ಗುರುತು ಮೂಡಿತು, ಅಳಿಯಿತು, ಮತ್ತೆ ಮೂಡಿತು. “ಹೋಗ್ತೀನಿ ಅಣ್ಣ. ನೀವೂ ಬರ್ತೀರಾ?”

“ಬೇಡ. ನಾನು ಬಂದ್ರೆ ನೀನ್ಯಾರು ಅಂತ ಗೊತ್ತಾಗುತ್ತೆ. ನರ್ಸಮ್ಮಂಗೆ ನಂಬರ್ ಹೇಳು, ಸಾಕು.”

ಶನಿವಾರ ಅವನ ಕೈ ಕೆಲಸದ ಮೇಲೆ ನಿಲ್ಲಲಿಲ್ಲ. ತೀಡಿದ್ದನ್ನೇ ತೀಡಿದ. ಬಿಸಿಲು ಏರುವ ಹೊತ್ತಿಗೆ ಫೋನಿನ ತೆರೆ ಬೆಳಗಿತು: “ರೋಗ ಇಲ್ಲ ಅಂದ್ರು. ತಗಲದ ಹಾಗೆ ನುಂಗೋ ಮಾತ್ರೆ ಕೊಟ್ಟಿದ್ದಾರೆ. ಜ್ವರಕ್ಕೂ ಬೇರೆ ಡಾಕ್ಟ್ರನ್ನ ನೋಡು ಅಂದ್ರು. ಬೀದಿ ತುದೀಲಿದ್ದೀನಿ, ಮನೆಗೆ ಬರ್ತಿದ್ದೀನಿ.”

ಅವನು ಗೋಡೆಗೆ ಒರಗಿ ಉಸಿರು ಬಿಟ್ಟ. ಅಕ್ಕ ಓಡಿಬಂದು ಓದಿಸಿಕೊಂಡಳು. “ಬರ್ತಿದ್ದಾನಂತಲ್ಲೋ! ಬಾಗಿಲಲ್ಲಿ ನಿಂತ್ರೆ ಯಾರು ಅಂತ ಗೊತ್ತಾಗೋಗುತ್ತೆ. ಒಂದೇ ಒಂದು ಸಲ ನೋಡ್ತೀನಿ ಕಣೋ, ಎರಡು ಬೈದು ಕಳಿಸ್ತೀನಿ.”

“ಒಳಗೆ ನಡಿ ಅಕ್ಕ.”

“ನನ್ನ ಮಡಿಲಿಂದ ಮಗು ಕಿತ್ಕೊಂಡು ಹೋದ್ರಲ್ಲೋ, ಅವನಿಂದ!”

“ಗೊತ್ತು. ನಡಿ.”

ಅಕ್ಕ ಗೊಣಗುತ್ತಲೇ ಒಳಗೆ ಹೋದಳು. ಅವನೂ ಹಿಂದೆಯೇ ಬಂದು ಕೋಣೆಯ ಬಾಗಿಲು ಎಳೆದುಕೊಂಡ. ಹೊರಗೆ ಯಾರದೋ ಚಪ್ಪಲಿಯ ಸದ್ದು ಮೇಜಿನ ಬಳಿ ಬಂದು ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಒಂದೊಂದೇ ಮೆಟ್ಟಿಲು ಹತ್ತತೊಡಗಿತು. ಯಾವ ಮಹಡಿಯಲ್ಲಿ ನಿಲ್ಲುತ್ತದೆ ಎಂದು ಕೇಳಿಸದಿರಲಿ ಎಂದು ಅವನು ನಲ್ಲಿ ತಿರುಗಿಸಿ ಬಕೆಟ್ಟಿಗೆ ಜೋರಾಗಿ ನೀರು ಬಿಟ್ಟ.