ಚಕ್ಕೆ ನೀರಿನ ಕೈ

ನನ್ನನ್ನು ನೋಡಲು ಬಂದಾಗ, ಹುಡುಗ ಬಿಡದಿಯ ಫ್ಯಾಕ್ಟರಿಯಲ್ಲಿ ಕೆಲಸದಲ್ಲಿದ್ದಾನೆ ಅಂದರು. ಅದು ನಿಜವೇ. ಮನೆಗೆ ತಾರಸಿ ಹಾಕಿಸಿದ್ದೇವೆ ಅಂದರು. ಅದೂ ನಿಜ. ಮನೆಯ ಹಿಂದೆ ಚರ್ಮ ಹದ ಮಾಡುವ ಗುಂಡಿಗಳಿವೆ ಅನ್ನುವುದನ್ನು ಮಾತ್ರ ಯಾರೂ ಹೇಳಲಿಲ್ಲ. ನಾವೂ ಕೇಳಲಿಲ್ಲ. ಈ ಕಾಲದಲ್ಲೂ ಆ ಕೆಲಸ ಮಾಡುವವರಿದ್ದಾರೆ ಅಂತ ನಮ್ಮಪ್ಪನಿಗೆ ಹೊಳೆದೇ ಇರಲಿಲ್ಲ.

ನನ್ನ ತವರು ಸಾತನೂರು ಕಡೆ. ತಾತನ ಕಾಲದಲ್ಲಿ ನಮ್ಮ ಮನೆಯಲ್ಲೂ ಸುಣ್ಣದ ಗುಂಡಿ ಇತ್ತಂತೆ. ಅಪ್ಪ ಮೀಸೆ ಮೂಡುವ ಮೊದಲೇ ಅದಕ್ಕೆ ಬೆನ್ನು ತಿರುಗಿಸಿ, ಇನ್ನೊಬ್ಬರ ಹಿಪ್ಪುನೇರಳೆ ತೋಟದಲ್ಲಿ ದುಡಿದು, ಹಸು ಕಟ್ಟಿ, ಡೇರಿಗೆ ಹಾಲು ಹಾಕಿ ನಮ್ಮನ್ನು ಸಾಕಿದರು. ನಮಗೆ ಗೊತ್ತಿದ್ದ ವಾಸನೆ ಸೊಪ್ಪಿನದು, ಸಗಣಿಯದು.

ಮದುವೆಯಾದ ಊರು ರಾಮನಗರದಿಂದ ಮಾಗಡಿಗೆ ಹೋಗುವ ದಾರಿಯಲ್ಲಿದೆ. ಬಂದ ಮಾರನೆಯ ಬೆಳಿಗ್ಗೆ ಮುಖ ತೊಳೆಯಲು ಹಿತ್ತಲಿಗೆ ಹೋದೆ. ಅತ್ತೆ ಸೀರೆ ಎತ್ತಿಕಟ್ಟಿಕೊಂಡು ಗುಂಡಿಯ ಅಂಚಿನಲ್ಲಿ ಬಗ್ಗಿ, ಕೆಂಪು ನೀರಿನೊಳಗಿಂದ ಏನನ್ನೋ ಎಳೆಯುತ್ತಿದ್ದರು. ಎಮ್ಮೆ ಚರ್ಮ. ಕಾಲುಗಳಿದ್ದ ಕಡೆ ಇನ್ನೂ ಕಾಲಿನ ಆಕಾರವೇ ಇತ್ತು. ನಾನು ಅಲ್ಲೇ ಗೋಡೆ ಹಿಡಿದು ವಾಂತಿ ಮಾಡಿಕೊಂಡೆ. ಅತ್ತೆ ಬೈಯಲಿಲ್ಲ. ಕೈ ತೊಳೆದುಕೊಂಡು ಬಂದು ಬೆನ್ನು ಸವರಿದರು.

"ಅಳಬ್ಯಾಡ ಕಣವ್ವ. ನಂಗೂ ಇಂಗೇ ಆಗಿತ್ತು. ಒಸಿ ದಿನ ಕಳುದ್ರೆ ಮೂಗು ಸುಮ್ಕಾಯ್ತದೆ."

ಅವರು ಸಮಾಧಾನಕ್ಕೆ ಅಂದ ಮಾತು. ನಾನು ಮಾತ್ರ ಸೆರಗಿನಿಂದ ಮೂಗು ಬಿಗಿಯಾಗಿ ಮುಚ್ಚಿಕೊಂಡೆ.

ಮಗಳು ಶಾಲೆಗೆ ಸೇರಿದ ವರ್ಷ ಅತ್ತೆ ತೀರಿಕೊಂಡರು. ಗುಂಡಿ ನನ್ನ ಪಾಲಿಗೆ ಬಂತು. ತಗೋ ಅಂತ ಯಾರೂ ಕೊಡಲಿಲ್ಲ. ಮಾವ ಒಬ್ಬರೇ ನೆಂದ ಚರ್ಮ ಎತ್ತಲಾರದೆ ಏದುಸಿರು ಬಿಡುವುದನ್ನು ನೋಡಿ ಒಂದು ದಿನ ಒಂದು ತುದಿ ಹಿಡಿದೆ. ಮಾರನೆಯ ದಿನ ಅವರು ಆ ತುದಿಯನ್ನು ನನಗಾಗಿಯೇ ಬಿಟ್ಟು ನಿಂತಿದ್ದರು.

ಈ ಕೆಲಸಕ್ಕೆ ನಡುವೆ ಬಿಡುವು ಅನ್ನುವುದಿಲ್ಲ. ಉಪ್ಪು ಹಚ್ಚಿ ಬಂದ ಚರ್ಮವನ್ನು ತೊಳೆದು ಸುಣ್ಣದ ನೀರಿಗೆ ಬಿಡಬೇಕು. ಕೂದಲು ಸಡಿಲವಾದ ಮೇಲೆ ಹೆರೆದು, ಒಳಮೈಯ ಮಾಂಸ ಕೆತ್ತಿ, ಸುಣ್ಣ ಹೋಗುವಷ್ಟು ತೊಳೆದು, ತಂಗಡಿ ಗಿಡದ ತೊಗಟೆಯ ಚಕ್ಕೆ ಕುಟ್ಟಿ ನೆನೆಸಿದ ಗುಂಡಿಗೆ ಇಳಿಸಬೇಕು. ಅಲ್ಲಿಂದ ದಿನವೂ ಎತ್ತಿ, ಮಗುಚಿ, ಮತ್ತೆ ಬಿಡುವುದು. ನೀರಿನ ಸತ್ವ ಇಳಿದರೆ ಹೊಸ ಚಕ್ಕೆ, ಕೊನೆಗೆ ಅಳಲೆಕಾಯಿ, ಅದಾದ ಮೇಲೆ ಹೊಂಗೆ ಎಣ್ಣೆ. ಮಗುಚದೆ ಬಿಟ್ಟರೆ ಮಡಿಕೆಯಲ್ಲಿ ಕೊಳೆಯುತ್ತದೆ. ಹಬ್ಬ, ಜ್ವರ, ತವರಿನ ಮದುವೆ, ಯಾವುದಕ್ಕೂ ಚರ್ಮ ಕಾಯುವುದಿಲ್ಲ. ತಂಗಿಯ ಸೀಮಂತಕ್ಕೆ ಹೋದವಳು ಊಟದ ಎಲೆ ಎತ್ತುವ ಮೊದಲೇ ಬಸ್ಸಿಗೆ ಓಡಿದ್ದೆ.

ನನ್ನ ಗಂಡ ಕೆಟ್ಟವರಲ್ಲ. ಶಿಫ್ಟು ಮುಗಿಸಿ ಬಂದು, ಸ್ನಾನ ಮಾಡಿ, ಹಿತ್ತಲಿಗೆ ಬೆನ್ನು ಹಾಕಿ ಕೂರುತ್ತಿದ್ದರು. ನಿಲ್ಲಿಸೋಣ ಅಂದರೆ, "ಅಪ್ಪ ಇರೋಗಂಟ ಇರ್ಲಿ ಬುಡು," ಅನ್ನುತ್ತಿದ್ದರು.

ಒಮ್ಮೆ ಅಪ್ಪ ಹೇಳದೆ ಕೇಳದೆ ನನ್ನ ನೋಡಲು ಬಂದರು. ಕೈಯಲ್ಲಿ ಮೊಮ್ಮಗಳಿಗೆ ಅಂತ ಬಾಳೆಹಣ್ಣಿನ ಚಿಪ್ಪು. ನೀರು ಕೊಡಲು ಲೋಟ ಚಾಚಿದೆ. ಅವರು ಲೋಟ ತಗೊಳ್ಳಲಿಲ್ಲ, ನನ್ನ ಮಣಿಕಟ್ಟು ಹಿಡಿದರು. ಅಂಗೈ ತಿರುಗಿಸಿ ನೋಡಿದರು. ಚಕ್ಕೆ ನೀರು ಕುಡಿದು ಕೆಂಪಗಾಗಿದ್ದ ಕೈ, ಸುಣ್ಣಕ್ಕೆ ಬಿರಿದ ಬೆರಳಸಂದಿ.

"ಯಾವಾಗಿಂದ್ಲವ್ವ?"

"ಅತ್ತೆ ಹೋದ್ಮ್ಯಾಕೆ, ಅಪ್ಪ."

"ನಮ್ಮೂರ್ಗೆ ಬಂದ್ಬುಡು. ಇವತ್ತೇ ಬಾ."

"ಮಗಳ ಸ್ಕೂಲು ಐತೆ. ಗುಂಡೀಲಿ ಚರ್ಮ ಐತೆ," ಅಂದೆ. ನನ್ನ ಬಾಯಿಂದ ಗುಂಡಿಯ ಮಾತು ಬಂದದ್ದು ಕೇಳಿ ನನಗೇ ಗಾಬರಿಯಾಯಿತು. ಅಪ್ಪ ಊಟಕ್ಕೆ ಕೂರಲಿಲ್ಲ. ಮಾವನ ಜೊತೆ ಒಂದು ಮಾತೂ ಆಡದೆ ಹೊರಟುಹೋದರು.

ಅದಾದ ಮೇಲೆ ನಾನು ಹಟ ಹಿಡಿದು ರಾಮನಗರದಲ್ಲಿ ರೇಷ್ಮೆ ನೂಲು ತೆಗೆಯುವ ಒಂದು ಮನೆಯಲ್ಲಿ ಕೆಲಸ ಹುಡುಕಿಕೊಂಡೆ. ಮಾವ ಇನ್ನು ಚರ್ಮ ಹಿಡಿಯುವುದಿಲ್ಲ ಅಂತ ಒಪ್ಪಿದ್ದರು. ಅದನ್ನು ನಡೆಸುತ್ತಿದ್ದವರು ಸಾಬರ ಮನೆಯ ವಯಸ್ಸಾದ ಹೆಂಗಸು. ಅಕ್ಕ ಅನ್ನುವ ಹಾಗೆ ನಾವೆಲ್ಲ ಅವರನ್ನು ಆಪಾ ಅನ್ನುತ್ತಿದ್ದೆವು. ಬಿಸಿನೀರಿನಲ್ಲಿ ಗೂಡು ಬೇಯುವ ವಾಸನೆ ಹೊರಗಿನವರಿಗೆ ತಡೆಯಲಾಗದು. ನನಗೆ ಅದು ಹಿತವಾಗಿತ್ತು. ಅಲ್ಲಿ ಎಲ್ಲರ ಮೈಯಲ್ಲೂ ಒಂದೇ ವಾಸನೆ. ಸಂಜೆ ಬಸ್ಸಿನಲ್ಲಿ ಪಕ್ಕದವರು ಮೂಗು ಮುಚ್ಚಿಕೊಂಡರೆ ನಾವೆಲ್ಲ ಒಟ್ಟಿಗೆ ನಗುತ್ತಿದ್ದೆವು. ಎಳೆ ಹಿಡಿಯುವುದು ಬೇಗ ಕೈಗೆ ಬಂತು. ಅಂಗೈಯ ಕೆಂಪು ತಿಳಿಯಾಗುತ್ತ ಬಂತು.

ಆಮೇಲೊಂದು ದಿನ ಮನೆಗೆ ಬಂದಾಗ ಜಗಲಿಯ ಮೇಲೆ ಉಪ್ಪು ಹಚ್ಚಿದ ಚರ್ಮದ ಮಡಿಕೆಗಳಿದ್ದವು. ಆಚೆ ಊರಿನ ಗೌಡರು ತಂದು ಹಾಕಿದ್ದರು. ಹಳ್ಳಿಕಾರ್ ಎತ್ತುಗಳನ್ನು ಮಕ್ಕಳಂತೆ ಸಾಕುವವರು. ಅವುಗಳ ಕೊರಳ ಗೆಜ್ಜೆಪಟ್ಟಿಗೆ ಚಕ್ಕೆಯಲ್ಲಿ ಹದವಾದ ಚರ್ಮವೇ ಬೇಕು. ಅಂಗಡಿಯ ಚರ್ಮ ಬೆವರಿಗೆ ಕೊರಳು ಕೊರೆಯುತ್ತದೆ ಅನ್ನುತ್ತಾರೆ.

"ದೊಡ್ಡೋರು ಮನೆಗಂಟ ಬಂದು ಕೇಳುದ್ರು. ಆಗಲ್ಲ ಅಂತ ಎಂಗನ್ಲಿ?" ಅಂದರು ಮಾವ.

ಚರ್ಮ ಚಕ್ಕೆ ಗುಂಡಿಗೆ ಇಳಿಯುವವರೆಗೂ ಅವರೇ ಮಾಡಿದರು. ಆಮೇಲೆ ಅಂಚಿನಲ್ಲಿ ಜಾರಿ ಸೊಂಟ ಉಳುಕಿಸಿಕೊಂಡು ಮಲಗಿಬಿಟ್ಟರು. ಬೆಳಿಗ್ಗೆ ಬಸ್ಸಿಗೆ ಮುಂಚೆ ಒಂದು ಸಲ, ಸಂಜೆ ಬಂದ ಮೇಲೆ ಒಂದು ಸಲ ನಾನೇ ಮಗುಚತೊಡಗಿದೆ. ಕೈ ಮತ್ತೆ ಕೆಂಪಾಯಿತು.

"ಏನ್ ಮಾ ಇದು? ಮೆಹಂದಿ ಹಾಕಿದಿಯಾ?" ಅಂದರು ಆಪಾ.

"ಊಂ ಆಪಾ. ಮಗಳು ಹಾಕುದ್ಲು," ಅಂದೆ.

ಮೆಹಂದಿಯಾದರೆ ಬಿಸಿನೀರಿಗೆ ಬಣ್ಣ ಬಿಡುವುದಿಲ್ಲ. ನನ್ನ ಕೈ ಬಿಟ್ಟಿತು. ನಾನು ಕೂರುವ ಕಡೆಯ ನೂಲಿನ ಬಿಳುಪು ಮಾಸಲಾಗಿ, ಟೀ ಸೋಸಿದ ಬಟ್ಟೆಯಂತೆ ಕಾಣತೊಡಗಿತು. ಆಪಾ ನೂಲಿನ ಲಡಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ನನ್ನನ್ನು ಪಕ್ಕಕ್ಕೆ ಕರೆದು ಬಾಗಿಲು ಮುಂದೆ ಮಾಡಿದರು. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರ ಮುಖದಲ್ಲಿ ಅಸಹ್ಯವೇನೂ ಕಾಣಲಿಲ್ಲ. ಅದನ್ನು ನೋಡಿಯೇ ನನಗೆ ಅಳು ಬಂತು.

"ನಂಗೆ ಚರ್ಮ ಗಿರ್ಮ ಏನೂ ಇಲ್ಲ ಮಾ. ನೂಲು ಕಲರ್ ಬಂದ್ರೆ ಮಾರ್ಕೆಟ್‌ನಲ್ಲಿ ಯಾರೂ ಮುಟ್ಟಲ್ಲ. ಆ ಕೆಲಸ ಬಿಟ್ಟು ಬಾ. ಇಲ್ಲ ಅಂದ್ರೆ ಇದು ಬಿಡು."

"ಈಗ ಗುಂಡೀಲಿರೋದು ಹದ ಆಗೋಗಂಟ ಟೈಮ್ ಕೊಡಿ ಆಪಾ."

"ಒಲೆ ಉರೀತಾ ಇರುತ್ತೆ ಮಾ. ಜಾಗ ಖಾಲಿ ಇಟ್ಕೊಳ್ಳೋಕೆ ಆಗುತ್ತಾ?"

ಅವರು ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ. ಮಾರನೆಯ ದಿನದಿಂದ ನಾನು ಬಸ್ಸು ಹತ್ತಲಿಲ್ಲ. ಗುಂಡಿಯ ಹತ್ತಿರ ಕೂತಿದ್ದಾಗ ಬಸ್ಸು ಹಾರನ್ ಹೊಡೆದುಕೊಂಡು ಹೋಗುವುದು ಕೇಳುತ್ತಿತ್ತು. ಆಗೆಲ್ಲ ಚರ್ಮವನ್ನು ಸುಮ್ಮನೆ ಜೋರಾಗಿ ಬಡಿಯುತ್ತಿದ್ದೆ.

ಹದವಾದ ಚರ್ಮ ತಗೊಳ್ಳಲು ಗೌಡರು ಬೈಕಿನಲ್ಲಿ ಬಂದರು. ಜಗಲಿಯ ಕೆಳಗೇ ನಿಂತು, ಚರ್ಮ ಮಡಿಸಿ, ಬಿಚ್ಚಿ, ಕೆನ್ನೆಗೆ ಒತ್ತಿಕೊಂಡು ನೋಡಿದರು.

"ಚೆನ್ನಾಗಿ ಬಂದೈತೆ ಕಣಮ್ಮ. ಈ ಸುತ್ತಿನಾಗೆ ನಿಮ್ಮನೆ ಒಂದೇ ಉಳ್ದಿರೋದು. ನಿಲ್ಲುಸ್ಬ್ಯಾಡಿ," ಅಂದರು. ಮಾವ ಮಂಚದಿಂದಲೇ ಕೈ ಮುಗಿದರು. ಹೊಗಳಿಕೆ ಕೇಳಿ ಅಷ್ಟು ಉಸಿರು ಕಟ್ಟಿದ್ದು ನನಗೆ ಅದೇ ಮೊದಲು.

ಅವರು ಬೈಕಿನ ಹಿಂದಿನಿಂದ ಒಂದು ಗೋಣಿಚೀಲ ಇಳಿಸಿದರು. "ಬೆಳಿಗ್ಗೆ ನಮ್ಮೆಮ್ಮೆ ಹೋಗ್ಬುಡ್ತು. ಇದ್ನೂ ಮಾಡಿಟ್ಟಿರಿ."

"ಬ್ಯಾಡಿ ಗೌಡ್ರೆ. ವಾಪಸ್ ತಗೊಂಡೋಗಿ. ನನ್ ಕೈಲಿ ಆಗಲ್ಲ," ಅಂದೆ.

ಗೌಡರು ನನ್ನನ್ನು ನೋಡಲಿಲ್ಲ, ಮಾವನ ಮುಖ ನೋಡಿದರು. ಮಾವ, "ಮಡಗಿ ಬುದ್ಧಿ, ಮಾಡ್ತೀವಿ," ಅಂದರು. ಬೈಕು ಹೋಯಿತು.

ಬೇಸಿಗೆ. ಚೀಲದ ಸುತ್ತ ನೊಣ ಮುತ್ತತೊಡಗಿದವು. "ಉಪ್ಪಾಕವ್ವ, ಕೊಳ್ತೋಯ್ತದೆ," ಅಂತ ಮಾವ ಒಳಗಿಂದ ಹೇಳುತ್ತಲೇ ಇದ್ದರು. ನಾನು ಎದ್ದೇಳಲಿಲ್ಲ. ಕೊಳೆಯಲಿ, ಊರೆಲ್ಲ ನಾರಲಿ ಅಂತ ಹೊಸ್ತಿಲ ಮೇಲೆ ಕೂತೆ. ಬಿಸಿಲು ನೆತ್ತಿಯಿಂದ ಇಳಿಯುವ ಹೊತ್ತಿಗೆ ಒಂದು ಮಾತು ತಿಳಿಯಿತು: ಕೊಳೆತರೂ ಈ ಮನೆಯಲ್ಲಿ ಉಸಿರಾಡಬೇಕಾದವಳು ನಾನೇ, ಹೊತ್ತುಕೊಂಡು ಹೋಗಿ ಹೂಳಬೇಕಾದವಳೂ ನಾನೇ. ಎದ್ದು ಚೀಲ ಬಿಚ್ಚಿ ಉಪ್ಪು ಹಚ್ಚಿದೆ. ಹಚ್ಚುತ್ತಾ ಅತ್ತೆ, ನನ್ನ ಮದುವೆ ಮಾಡಿಸಿದ ದಲ್ಲಾಳಿ, ಸತ್ತ ಎಮ್ಮೆ, ಎಲ್ಲರನ್ನೂ ಬೈದೆ.

ಸಂಜೆ ಗಂಡ ಬಂದಾಗ ಊಟ ಬಡಿಸಲಿಲ್ಲ. "ಸುಣ್ಣಕ್ಕೆ ನಾನು ಕೈ ಹಾಕಲ್ಲ. ನಿಮ್ಮ ರಜಾ ದಿನ ನೀವೇ ಹಾಕಿ, ನೀವೇ ಹೆರೀರಿ. ಇಲ್ದಿದ್ರೆ ನಾಳೆ ಮಗಳ್ನ ಕರ್ಕೊಂಡು ಸಾತನೂರಿಗೆ ಹೊರಡ್ತೀನಿ," ಅಂದೆ. ಅವರು ತಮ್ಮ ಅಪ್ಪನ ಮಂಚದ ಕಡೆ ನೋಡಿದರು. ಮಾವ ಗೋಡೆಗೆ ತಿರುಗಿ ಮಲಗಿದರು.

ಆ ಭಾನುವಾರ ಗಂಡ ಹಳೆಯ ಪ್ಯಾಂಟು ಮಡಿಸಿಕೊಂಡು ಸುಣ್ಣದ ಗುಂಡಿಗೆ ಇಳಿದರು. ಮಧ್ಯಾಹ್ನದ ಹೊತ್ತಿಗೆ ಕೈಯೆಲ್ಲ ಉರಿ. ತೆಂಗಿನೆಣ್ಣೆ ಹಚ್ಚಿಕೊಂಡು ಹಿತ್ತಲ ಕಲ್ಲಿನ ಮೇಲೆ ಕೂತು, "ಇದ್ನ ಎಂಗ್ ಮಾಡ್ತಿದ್ಯೆ ನೀನು?" ಅಂದರು. ನಾನು ಎಣ್ಣೆಯ ಬಾಟಲಿಯನ್ನು ಅವರ ಕಡೆಗೆ ಸರಿಸಿದೆ.

ಈಗಲೂ ನಾವು ಹೀಗೇ ಇದ್ದೇವೆ: ಭಾನುವಾರದ ಸುಣ್ಣ ಗಂಡನದು, ದಿನದ ಮಗುಚುವುದು ನನ್ನದು. ಮಾವ ಮಂಚದ ಮೇಲಿಂದಲೇ ವಾಸನೆ ಹಿಡಿದು, ಚಕ್ಕೆ ಸಾಲದು, ನೀರು ಹಳತಾಯಿತು ಅಂತ ಹೇಳುತ್ತಾರೆ. ಗಂಡ ಸೋಮವಾರ ಫ್ಯಾಕ್ಟರಿಯಲ್ಲಿ ಕೈಗಳನ್ನು ಜೇಬಿನಲ್ಲಿ ಇಟ್ಟುಕೊಂಡೇ ಓಡಾಡುತ್ತಾರಂತೆ. ಅಪ್ಪ ಆಗಾಗ ಫೋನು ಮಾಡಿ ಮೊಮ್ಮಗಳ ಓದಿನ ವಿಚಾರ ಕೇಳುತ್ತಾರೆ, ಬೇರೇನನ್ನೂ ಕೇಳುವುದಿಲ್ಲ. ಗೌಡರು ಮೊನ್ನೆ ಮತ್ತೆ ಬಂದಿದ್ದರು. ಗುಂಡಿ ತುಂಬಿದೆ, ಜಾಗ ಇಲ್ಲ ಅಂದೆ. ಖಾಲಿಯಾದ ಮೇಲೆ ಬರುತ್ತೇನೆ ಅಂದು ಹೋದರು.