ಬರುತ್ತೆ ಅಂದರೆ ಕೆಟ್ಟೆ

ಬಡವನಹಳ್ಳಿ ಗಂಗಮ್ಮನ ಬೋರ್‌ವೆಲ್ಲಿಗೆ ನಾನೇ ಪ್ರೋಗ್ರಾಮ್ ಬರೆದು ಕೂರಿಸಿದ ಪಂಪ್ ಕಂಟ್ರೋಲರ್, ಆನ್ ಮಾಡಿದ ಅರ್ಧ ನಿಮಿಷಕ್ಕೇ ಸಾಯುತ್ತಿತ್ತು. ಕರೆಂಟು ಹೋಗುವಷ್ಟರಲ್ಲಿ ಟೊಮೇಟೊ ಸಸಿಗೆ ನೀರು ಹಾಯಬೇಕು.

"ಒಳಗೇನ್ ಬರ್ದಿದ್ದೀಯಪ್ಪಾ?" ಅಂದಳು ಗಂಗಮ್ಮ.

"ಇದಕ್ಕೆ ಕರೆಂಟ್ ಕೊಡೋ ವೋಲ್ಟೇಜ್ ರೆಗ್ಯುಲೇಟರಿಗೆ ಏನೇನ್ ಬರುತ್ತೆ ಅಂತ ಡ್ರೈವರ್ ಪ್ರೋಗ್ರಾಮಲ್ಲಿ ಬರ್ದಿದ್ದೀನಿ ಕಣಮ್ಮ. ಏರ್ಸಕ್ ಬರುತ್ತೆ, ಇಳಿಸಕ್ ಬರುತ್ತೆ, ಆಫ್ ಆಗಕ್ಕೂ ಬರುತ್ತೆ..."

"ಅದ್ಯಾಕ್ ಹೇಳ್ದೆ? ಹೋಳಿಗೆ ತಟ್ಟಕ್ ಬರುತ್ತೆ ಅಂತ ನಮ್ಮತ್ತೆಗೆ ಹೇಳ್ಬುಟ್ಟು, ನಲವತ್ತು ವರ್ಷದಿಂದ ತಟ್ತಾನೇ ಇವ್ನಿ!"

ಅಯ್ಯಯ್ಯೋ! ಕಂಟ್ರೋಲರಿನೊಳಗೆ ಎಲ್ಲರಿಗೂ ಕೆಲಸ ಹೇಳುವ, ಆಪರೇಟಿಂಗ್ ಸಿಸ್ಟಮ್ಮಿನ ಕರ್ನಲ್ಲೂ ಆ ಅತ್ತೆಯ ಥರವೇ. ಆಫ್ ಆಗಲು ಬರುತ್ತಲ್ಲ, ಬೇಕು ಅಂತ ಯಾರೂ ಕೇಳಿಲ್ಲವಲ್ಲ ಎಂದುಕೊಂಡು ರೆಗ್ಯುಲೇಟರನ್ನೇ ಆಫ್ ಮಾಡಿಸುತ್ತಿತ್ತು! 'ಆಫ್ ಆಗಕ್ಕೂ ಬರುತ್ತೆ' ಎಂಬ ಆ ಒಂದು ಸಾಲು ಅಳಿಸಿದೆ. ಪೈಪಿನಿಂದ ನೀರು ಚಿಮ್ಮಿತು, ನಾನು ಬದುವಿನ ಮೇಲೇ ಕುಣಿದೆ!

"ಮರ ಹತ್ತಕ್ ಬರುತ್ತೇನಪ್ಪಾ? ಎಳನೀರು ಕೀಳ್ಬೇಕಿತ್ತು."

"ಬರಲ್ಲ ಕಣಮ್ಮ," ಎಂದೆ. ನಿಜಕ್ಕೂ ಕೋತಿಯ ಹಾಗೆ ಹತ್ತುತ್ತೇನೆ. ಆ ಸಾಲನ್ನೂ ಅಳಿಸಿಬಿಟ್ಟೆ.